ಏಳನೇ ಕೋಣೆಯ ಉತ್ತರ

ಕಂಪೆನಿ ಆಫೀಸಿಗೆ ಹೊಸದಾಗಿ ಸೇರಿದವರು ದಾರಿಯಲ್ಲಿ ಸಿಕ್ಕಿದರೆ ನಾನು ಸಂಬಳ ಎಷ್ಟೆಂದು ಕೇಳುವುದಿಲ್ಲ. "ಕಚ್ಚಾ ಪುಸ್ತಕ ಇಟ್ಟಿದ್ದೀರಾ?" ಎಂದು ಕೇಳುತ್ತೇನೆ. ಹೆಚ್ಚಿನವರು ನನ್ನ ಮುಖ ನೋಡಿ, ನಕ್ಕು, ಮುಂದೆ ಹೋಗುತ್ತಾರೆ. ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾರೇನೋ. ಎಂದುಕೊಳ್ಳಲಿ. ಮೂವತ್ತನಾಲ್ಕು ವರ್ಷ ಒಂದೇ ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕೂತು ಎದ್ದವನು ನಾನು. ಯಾವಾಗ ಬಡ್ತಿ ಸಿಕ್ಕಿತು, ಯಾವ ಮ್ಯಾನೇಜರ್ ದೊರೆ ಎಂಥ ಸರ್ಟಿಫಿಕೇಟು ಕೊಟ್ಟ ಎಂಬುದೆಲ್ಲ ನನ್ನ ಹೆಂಡತಿಗೇ ಕೇಳಿ ಕೇಳಿ ಸಾಕಾಗಿದೆ, ನಿಮಗೆ ಯಾಕೆ? ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನು ಮಾತ್ರ ಬರೆಯುತ್ತೇನೆ. ನಡುವೆ ಒಂದು ಸಂಗತಿ ಬರುತ್ತದೆ. ಅದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದಷ್ಟೇ ನಾನು ಕಲಿತ ವಿದ್ಯೆ.

ನಮ್ಮದು ಅರ್ಚಕರ ಮನೆ. ದೇವಸ್ಥಾನದ ಪೂಜೆ ಅಣ್ಣನ ಪಾಲಿಗೆ ಹೋಯಿತು. ನನ್ನ ಪಾಲಿಗೆ ಉಳಿದದ್ದು ಚೆನ್ನಾಗಿರುವ ಕೈಬರಹ ಮತ್ತು ಸ್ವಲ್ಪ ಇಂಗ್ಲಿಷು. ಮೊದಲನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ನೇತ್ರಾವತಿಯ ದಂಡೆಯ ಒಂದು ಹೆಂಚಿನ ಕಂಪೆನಿಯಲ್ಲಿ ಗುಮಾಸ್ತನಾಗಿ ಸೇರಿದೆ. ಕಂಪೆನಿಯ ಹೆಸರು ಬರೆಯುವುದಿಲ್ಲ. ಅಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆಯುತ್ತಿತ್ತು. ಇಲ್ಲಿ ಅದನ್ನು ನಮ್ಮ ಊರಿನ ಕನ್ನಡಕ್ಕೆ ತಂದು ಬರೆದಿದ್ದೇನೆ.

ನಮ್ಮ ಹೆಡ್ ಗುಮಾಸ್ತರ ಹೆಸರು ಸಿಪ್ರಿಯಾನ್. ಕ್ರೈಸ್ತರಲ್ಲಿ ಹಿರಿಯರಾದವರನ್ನು ನಮ್ಮ ಕಡೆ ಪೊರ್ಬುಗಳು ಎನ್ನುತ್ತಾರಲ್ಲ, ಹಾಗೆ ಇಡೀ ಕಾರ್ಖಾನೆಗೆ ಅವರು ಪೊರ್ಬುಗಳು. ತೆಳ್ಳಗೆ ಎತ್ತರಕ್ಕೆ ಇದ್ದರು. ಬಿಳಿ ಕೋಟು, ಕರಿ ಕೊಡೆ. ನಗುತ್ತಿದ್ದದ್ದು ಕಡಿಮೆ. ಸೇರಿದ ದಿನ ನನ್ನ ಎದುರಿಗೆ ಎರಡು ಪುಸ್ತಕ ಇಟ್ಟರು. ಒಂದಕ್ಕೆ ಕೆಂಪು ಚರ್ಮದ ರಟ್ಟು, ಇನ್ನೊಂದು ಹಳೆಯ ಕಾಗದಗಳನ್ನು ಹುರಿಯಲ್ಲಿ ಹೊಲಿದದ್ದು.

"ಭಟ್ರೇ, ಇದು ಪಕ್ಕಾ ಪುಸ್ತಕ. ದೊರೆ ನೋಡುವುದು ಇದನ್ನು. ಇದು ಕಚ್ಚಾ. ಇದನ್ನು ನಾನೊಬ್ಬನೇ ನೋಡುವುದು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ನಿಂತಲ್ಲೇ ಇದರಲ್ಲಿ ಬರೀಬೇಕು. ನಿಮ್ಮ ಬುದ್ಧಿ ಇದರಲ್ಲಿ ಬೇಡ."

"ಬುದ್ಧಿ ಎಲ್ಲಿಗೆ ಪೊರ್ಬುಲೆ?"

"ಉಂಟಾದರೆ ಪಕ್ಕಾ ಪುಸ್ತಕಕ್ಕೆ."

ಪ್ರತಿದಿನ ಸಂಜೆ ಮನೆಗೆ ಹೊರಡುವ ಮೊದಲು ಅವರು ನನ್ನ ಕಚ್ಚಾ ಪುಸ್ತಕವನ್ನು ಓದುತ್ತಿದ್ದರು. ಒಂದೊಂದು ಸಾಲಿಗೂ ಬೆರಳಿಟ್ಟು ಒಂದೇ ಪ್ರಶ್ನೆ: "ನೋಡಿದ್ದಾ, ಕೇಳಿದ್ದಾ?" ನೋಡಿದ್ದಾದರೆ ನೋಡಿದ್ದು ಎನ್ನಬೇಕು, ಯಾರೋ ಹೇಳಿದ್ದಾದರೆ ಕೇಳಿದ್ದು ಎನ್ನಬೇಕು. ಮೊದಲ ವರ್ಷ ಆ ಪ್ರಶ್ನೆಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಓದಿದವನನ್ನು ಹೀಗೆ ಕಳ್ಳನನ್ನು ವಿಚಾರಿಸಿದ ಹಾಗೆ ವಿಚಾರಿಸುವುದೇ ಎಂದು ಮನೆಯಲ್ಲಿ ಅಮ್ಮನ ಎದುರು ಹಾರಾಡುತ್ತಿದ್ದೆ.

ನನ್ನ ಮೊದಲ ದೊಡ್ಡ ತಪ್ಪು ಆ ಸಿಟ್ಟಿನಲ್ಲೇ ಆಯಿತು. ಗೋವೆಯ ಕಡೆಗೆ ಹೋಗುವ ಹಾಯಿಹಡಗೊಂದಕ್ಕೆ ಹೆಂಚು ತುಂಬಿಸಬೇಕಿತ್ತು. ಬಂದರಿನಲ್ಲಿ ನಿಂತು ಪ್ರತಿ ದೋಣಿಯನ್ನೂ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಬಿಸಿಲು ಕಾಯುತ್ತಿತ್ತು. ದೋಣಿಯವನು "ಎಲ್ಲ ಸರಿ ಉಂಟು ಭಟ್ರೇ, ನೀವು ನೆರಳಿಗೆ ಹೋಗಿ" ಎಂದ. ನಾನು ನೆರಳಿಗೆ ಹೋಗಿ, ಅವನು ಹೇಳಿದ್ದನ್ನು ನೋಡಿದ ಹಾಗೆ ಬರೆದೆ. ಒಂದು ತಿಂಗಳ ಮೇಲೆ ಗೋವೆಯಿಂದ ಕಾಗದ ಬಂತು. ಹಡಗಿನಲ್ಲಿ ಹೋದದ್ದು ಪೂರ್ತಿ ಮಾಡಿನ, ಅಂದರೆ ಛಾವಣಿಯ, ನೆತ್ತಿಗೆ ಹೊದಿಸುವ ಉಬ್ಬು ಹೆಂಚು. ಮಾಡಿಗೆ ಹಾಸುವ ಹೆಂಚು ಒಂದೂ ಇಲ್ಲ. ಟೊಪ್ಪಿ ಮಾತ್ರ ಕಳಿಸಿದ್ದೀರಿ, ತಲೆ ಯಾವಾಗ ಕಳಿಸುತ್ತೀರಿ ಎಂದು ಬರೆದಿದ್ದರು. ಪೊರ್ಬುಗಳು ಬೈಯಲಿಲ್ಲ. ಕಚ್ಚಾ ಪುಸ್ತಕದ ಆ ಪುಟ ತೆಗೆದು ಬೆರಳಿಟ್ಟು, "ನೋಡಿದ್ದಾ, ಕೇಳಿದ್ದಾ?" ಎಂದರು. ನನಗೆ ಭೂಮಿಗೆ ಇಳಿದುಹೋದ ಹಾಗಾಯಿತು.

ಇನ್ನು ಭಟ್ಟಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಭಟ್ಟಿಯಲ್ಲಿ ಸುತ್ತಲೂ ಸಾಲಾಗಿ ಹನ್ನೆರಡು ಕೋಣೆಗಳು. ಬೆಂಕಿ ಆರುವುದೇ ಇಲ್ಲ, ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹಾಯುತ್ತ ಸುತ್ತು ಬರುತ್ತಿರುತ್ತದೆ. ಬೆಂಕಿ ಬರುವ ಮುಂಚೆ ಕೋಣೆಯ ತುಂಬ ಹಸಿ ಹೆಂಚು ಪೇರಿಸಿಡುತ್ತಾರೆ. ಆಮೇಲೆ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತುತ್ತಾರೆ. ಕೊನೆಗೆ ಪಕ್ಕದ ಕೋಣೆಯ ಕಿಂಡಿಯ ಮುಚ್ಚಳವನ್ನು ಮೇಲಿನಿಂದ ಸರಪಳಿಯಲ್ಲಿ ಎತ್ತಿದರೆ ಬೆಂಕಿ ಒಳಗೆ ನುಗ್ಗುತ್ತದೆ. ಪೇರಿಸಿದ ಹೆಂಚಿಗೂ ಹಿಂದಿನ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡವಾಗಿ ನುಸುಳುವಷ್ಟು ಸಂದು ಇರುತ್ತದೆ. ಬಾಗಿಲಲ್ಲಿ ನಿಂತವರಿಗೆ ಆ ಸಂದು ಕಾಣುವುದಿಲ್ಲ.

ಆದ್ದರಿಂದ ಒಂದು ಕ್ರಮ ಇತ್ತು. ಬಾಗಿಲು ಕಟ್ಟುವ ಮೊದಲು ಆಫೀಸಿನ ಗುಮಾಸ್ತ ಬಂದು ಒಳಗೆ ಮುಖಮಾಡಿ ಮೂರು ಸಲ ಕೂಗಬೇಕು. "ಉಲಯಿ ಏರ್?" ಒಳಗೆ ಯಾರು ಎಂದು ಅರ್ಥ. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಿಸುವಷ್ಟು ಹೊತ್ತು ಕಾಯಬೇಕು. ಉತ್ತರ ಬಾರದಿದ್ದರೆ ಪಕ್ಕಾ ಪುಸ್ತಕದಲ್ಲಿ 'ಖಾಲಿ' ಎಂದು ಬರೆದು ರುಜು ಹಾಕಬೇಕು. ಒಳಗೆ ನುಸುಳಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಬಹುದಿತ್ತು. ಹಸಿ ಹೆಂಚಿಗೆ ಮೈ ತಾಗಿದರೆ ಒಡೆಯುತ್ತದೆ ಎಂದು ಬೆಂಕಿ ಮೇಸ್ತ್ರಿ ಐತಪ್ಪನ ತಕರಾರು. ಪಂಚೆ ಕೆಸರಾಗುತ್ತದೆ ಎಂದು ನನ್ನ ತಕರಾರು. ನನ್ನ ತಕರಾರೇ ದೊಡ್ಡದು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲ ಸಲ ಏಳನೇ ಕೋಣೆಯ ಎದುರು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಒಂದು ಸಲ ಕೂಗಿದೆ, ಸದ್ದಿಲ್ಲ. ಎರಡನೇ ಸಲ ಕೂಗಿದೆ, ಸದ್ದಿಲ್ಲ. ಮೂರನೇ ಸಲ ಕೂಗಿದಾಗ ಒಳಗಿನಿಂದ, ಬಹಳ ದೂರದಿಂದ ಬಂದ ಹಾಗೆ, "ಓ" ಎಂಬ ಉತ್ತರ ಬಂತು.

"ಮೇಸ್ತ್ರಿ, ಒಳಗೆ ಜನ ಉಂಟು!"

ಐತಪ್ಪ ಎಲೆ ಅಡಿಕೆ ಅಗಿಯುತ್ತಲೇ ಇದ್ದ. "ಜನ ಇಲ್ಲ ಭಟ್ರೇ. ಅದು ತುಕ್ರ. ಮೂರನೇ ಕರೆಗೆ ಅವ ಓ ಅಂತಾನೆ. ನೀವು ತಿರುಗಿ ಮಾತಾಡ್ಬೇಡಿ. ಮಾತಾಡಿದ್ರೆ ಹಿಂದೆ ಬರ್ತಾನೆ."

ತುಕ್ರ ಹೆಂಚು ಪೇರಿಸುವ ಆಳು. ನಾನು ಸೇರುವ ಬಹಳ ವರ್ಷ ಮೊದಲು, ಒಂದು ಮಳೆಗಾಲದಲ್ಲಿ, ಚಳಿ ತಡೆಯದೆ ಏಳನೇ ಕೋಣೆಯ ಸಂದಿನಲ್ಲಿ ಮಲಗಿದ್ದನಂತೆ. ಪಕ್ಕದ ಕೋಣೆಯಲ್ಲಿ ಬೆಂಕಿ ಇದ್ದಾಗ ಆ ಸಂದು ಹದವಾಗಿ ಬೆಚ್ಚಗೆ ಇರುತ್ತದೆ. ಆಗಿನ ಗುಮಾಸ್ತ ಖಾಲಿ ಎಂದು ಬರೆದ. ಬಾಗಿಲು ಕಟ್ಟಿದರು. ತುಕ್ರನ ಹೆಂಡತಿ ಗಂಡ ಮನೆಗೆ ಬಂದಿಲ್ಲವೆಂದು ಮೂರು ದಿನ ಗೇಟಿನಲ್ಲಿ ಕೂತಿದ್ದಳಂತೆ. ಕೋಣೆ ತಣ್ಣಗಾಗಿ ಬಾಗಿಲು ಒಡೆದಾಗ ಸಿಕ್ಕಿದ್ದು ಕರಗಿ ಹೆಂಚಿಗೆ ಅಂಟಿಕೊಂಡ ಹಿತ್ತಾಳೆಯ ಸುಣ್ಣದ ಡಬ್ಬಿ. ಆ ಗುಮಾಸ್ತ ಯಾರೆಂದು ಕೇಳಿದೆ. "ಆಮೇಲೆ ಎಷ್ಟೋ ಜನ ಬಂದ್ರು ಹೋದ್ರು, ನಂಗೆ ನೆನಪಿಲ್ಲ" ಎಂದು ಐತಪ್ಪ ಬೇರೆ ಕಡೆ ನೋಡಿದ.

ಆ ದಿನ ನಾನು ಕಚ್ಚಾ ಪುಸ್ತಕದಲ್ಲಿ "ಏಳನೇ ಕೋಣೆ, ಮೂರನೇ ಕರೆಗೆ ಓ" ಎಂದು ಬರೆದೆ. ಸಂಜೆ ಪೊರ್ಬುಗಳ ಬೆರಳು ಆ ಸಾಲಿನ ಮೇಲೆ ನಿಂತಿತು. ಉಳಿದ ಸಾಲುಗಳಿಗೆ ಕೇಳುವ ಪ್ರಶ್ನೆಯನ್ನು ಅದಕ್ಕೆ ಕೇಳಲಿಲ್ಲ. ಹಣೆಯಿಂದ ಎದೆಗೆ ಶಿಲುಬೆಯ ಗುರುತು ಮಾಡಿಕೊಂಡು ಪುಟ ತಿರುವಿದರು. ಆಮೇಲೆ ನಾನು ಗಮನಿಸಿದೆ. ಅವರು ಇಡೀ ಕಾರ್ಖಾನೆ ಸುತ್ತುತ್ತಿದ್ದರು, ಭಟ್ಟಿಯ ಏಳನೇ ಕೋಣೆಯ ಎದುರಿಗೆ ಮಾತ್ರ ಹೋಗುತ್ತಿರಲಿಲ್ಲ. ಆರನೆಯದರಿಂದ ತಿರುಗಿ, ಇಡೀ ಭಟ್ಟಿಯನ್ನು ಸುತ್ತು ಹಾಕಿ, ಎಂಟನೆಯದಕ್ಕೆ ಬರುತ್ತಿದ್ದರು.

ಮನುಷ್ಯ ಯಾವುದಕ್ಕೂ ಹೊಂದಿಕೊಳ್ಳುತ್ತಾನೆ. ಮೊದಲ ವರ್ಷ ಆ "ಓ" ಕೇಳಿ ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಎರಡನೇ ವರ್ಷ, ಇದು ಪಕ್ಕದ ಕೋಣೆಯ ಬೆಂಕಿ ಗಾಳಿ ಎಳೆಯುವ ಸದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಗಾಳಿ ಮೂರನೇ ಕರೆಗೇ ಯಾಕೆ ಕಾಯುತ್ತದೆ ಎಂದು ಯೋಚಿಸಲಿಲ್ಲ. ಎಂಟನೇ ವರ್ಷದ ಹೊತ್ತಿಗೆ, ದೇವಸ್ಥಾನದಲ್ಲಿ ಗಂಟೆ ಬಾರಿಸಿದಷ್ಟೇ ಸಲೀಸಾಗಿ ಮೂರು ಸಲ ಕೂಗಿ, "ಓ" ಕೇಳಿಸಿಕೊಂಡು, ಖಾಲಿ ಎಂದು ಬರೆದು ಬರುತ್ತಿದ್ದೆ. ಉತ್ತರ ಬರುವ ಕೋಣೆಗೆ ಖಾಲಿ ಎಂದು ಬರೆಯುವುದು ಎಂಥ ವಿಚಿತ್ರ ಎಂದು ನಮ್ಮಲ್ಲಿ ಒಬ್ಬನಿಗೂ ಅನ್ನಿಸಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯ ಅದು. ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ಯಾರೂ ಪರೀಕ್ಷಿಸುವುದಿಲ್ಲ.

ಆಟಿ ತಿಂಗಳ ಒಂದು ಮಧ್ಯಾಹ್ನ. ನಾಲ್ಕು ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆಗೆ ನದಿ ಕೆಂಪಾಗಿ ಜೇಡಿಮಣ್ಣಿನ ರಾಶಿಯವರೆಗೆ ಏರಿತ್ತು. ಏಳನೇ ಕೋಣೆ ಕಟ್ಟಲು ತಯಾರಾಗಿತ್ತು. ನಾನು ಕೊಡೆ ಹಿಡಿದು ಹೋದೆ. ಒಂದು ಸಲ ಕೂಗಿದೆ, ಸದ್ದಿಲ್ಲ. ಎರಡನೇ ಸಲ ಕೂಗಿದೆ. "ಓ." ಮೂರನೇ ಸಲ ಕೂಗಿದೆ. "ಓ."

"ಇವತ್ತು ತುಕ್ರನಿಗೆ ಮಾತಾಡುವ ಉಮೇದು" ಎಂದು ಐತಪ್ಪ ನಕ್ಕ. ಗಾರೆಯವನು ನಗಲಿಲ್ಲ, ಬೇಗ ಬೇಗ ಇಟ್ಟಿಗೆ ಇಡತೊಡಗಿದ. ಹೆದರಿದ್ದ. ಎರಡು ಸಲ ಓ ಎಂದವನು ಎದ್ದು ಹೊರಗೆ ಬರುವ ಮೊದಲು ಬಾಗಿಲು ಮುಚ್ಚಿಬಿಡಬೇಕು ಎಂಬ ಅವಸರ ಅವನ ಕೈಯಲ್ಲಿ ಕಾಣುತ್ತಿತ್ತು. ನನಗೂ ಅಲ್ಲಿ ನಿಲ್ಲುವ ಮನಸ್ಸಾಗಲಿಲ್ಲ. ಆದರೆ ಕೈಗೆ ಅಭ್ಯಾಸವಾಗಿತ್ತಲ್ಲ, ಕೊಡೆಯನ್ನು ಕಂಕುಳಲ್ಲಿ ಒತ್ತಿ ಕಚ್ಚಾ ಪುಸ್ತಕದಲ್ಲಿ ಬರೆದೆ: "ಏಳನೇ ಕೋಣೆ. ಎರಡನೇ ಕರೆಗೆ ಓ. ಮೂರನೇ ಕರೆಗೆ ಓ." ಆಫೀಸಿಗೆ ಬಂದು ಪಕ್ಕಾ ಪುಸ್ತಕದಲ್ಲಿ ಖಾಲಿ ಎಂದು ಬರೆದು ರುಜು ಹಾಕಿದೆ.

ಪೊರ್ಬುಗಳು ಕಚ್ಚಾ ಪುಸ್ತಕ ನೋಡುತ್ತಿದ್ದದ್ದು ಸಂಜೆ. ಆ ದಿನ ನದಿ ಏರಿ ದಾರಿ ಮುಚ್ಚುವ ಹಾಗಿತ್ತೆಂದು ಬೇಗ ಹೊರಟಿದ್ದರು. ಕೋಟು ಹಾಕಿಕೊಂಡು ನಿಂತೇ ಪುಸ್ತಕ ಕೇಳಿದರು. ಬೆರಳು ಸಾಲುಗಳ ಮೇಲೆ ಸರಿಯುತ್ತ ಬಂತು. ಏಳನೇ ಕೋಣೆಯ ಸಾಲಿಗೆ ಬಂದು ನಿಂತಿತು.

"ಎರಡನೇ ಕರೆಗೂ?"

"ಹೌದು ಪೊರ್ಬುಲೆ."

"ನೋಡಿದ್ದಾ, ಕೇಳಿದ್ದಾ?"

ಎಂಟು ವರ್ಷದಲ್ಲಿ ಮೊದಲ ಸಲ ಆ ಕೋಣೆಗೆ ಆ ಪ್ರಶ್ನೆ ಕೇಳಿದ್ದು. "ಕೇಳಿದ್ದು" ಎಂದೆ.

"ಇಷ್ಟು ವರ್ಷದಲ್ಲಿ ಎರಡನೇ ಕರೆಗೆ ಓ ಅಂದದ್ದುಂಟಾ?"

ನಾನು ಬಾಯಿ ತೆರೆದೆ. ಇಲ್ಲ ಎನ್ನುವ ಮಾತು ಹೊರಡುವ ಮೊದಲೇ ಪೊರ್ಬುಗಳು ಕೊಡೆ ಮರೆತು ಮಳೆಗೆ ಇಳಿದಾಗಿತ್ತು. ಅರುವತ್ತರ ಹತ್ತಿರದ ಆ ಮನುಷ್ಯ ಕೆಸರಿನಲ್ಲಿ ಓಡುವುದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಹಿಂದೆ ಓಡಿದೆ.

ಬಾಗಿಲು ಪೂರ್ತಿ ಕಟ್ಟಿ, ಮಣ್ಣು ಮೆತ್ತಿ ಆಗಿತ್ತು. ಭಟ್ಟಿಯ ಮೇಲೆ ಒಬ್ಬ ಕಿಂಡಿಯ ಸರಪಳಿಗೆ ಕೈ ಹಾಕಿ ನಿಂತಿದ್ದ. "ಕಿಂಡಿ ಎತ್ತಬೇಡ!" ಎಂದು ನಾನು ಕಿರುಚಿದೆ. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

"ಒಡೀರಿ" ಎಂದರು ಪೊರ್ಬುಗಳು.

ಐತಪ್ಪ ಅಡ್ಡ ನಿಂತ. "ಪೊರ್ಬುಲೆ, ಬೇಡ. ನಿಮ್ಗೆ ಗೊತ್ತುಂಟಲ್ಲ ಒಳಗೆ ಯಾರಂತ. ಇವತ್ತು ಎರಡೆರಡು ಸಲ ಓ ಅಂದಿದ್ದಾನೆ. ಬಾಗಿಲು ಒಡೆದ್ರೆ ನಮ್ಮ ಹೆಂಡ್ತಿ ಮಕ್ಕಳ ಗತಿ ಎಂತ?"

"ಸರಿ ಮಾರಾಯ, ಹೊರಗೆ ಬಂದರೆ ನನ್ನನ್ನೇ ಮೊದಲು ಹಿಡೀಲಿ" ಎಂದು ಪೊರ್ಬುಗಳು ಹಾರೆ ಕಸಿದುಕೊಂಡರು. ಗಾರೆಯವನು ಓಡಿಹೋದ. ನಾನು ಕೈಯಿಂದಲೇ ಇಟ್ಟಿಗೆ ಕಿತ್ತೆ. ಬಾಗಿಲಲ್ಲಿ ತೂತಾದೊಡನೆ ಬಿಸಿ ಉಸಿರಿನಂಥ ಗಾಳಿ ಮುಖಕ್ಕೆ ಬಡಿಯಿತು. ಪೊರ್ಬುಗಳು ಲಾಂದ್ರ ಹಿಡಿದು ಹಸಿ ಹೆಂಚನ್ನು ಒಡೆಯುತ್ತಲೇ ಒಳಗೆ ನುಗ್ಗಿದರು.

ಹಿಂದಿನ ಸಂದಿನಲ್ಲಿ ದೇಯಿ ಬಿದ್ದಿದ್ದಳು. ಹೆಂಚು ಹೊರುವ ಹೆಂಗಸು, ವಾಮಂಜೂರಿನ ಗದ್ದೆಮನೆಯವಳು. ಎರಡು ದಿನದಿಂದ ಚಳಿಜ್ವರ. ರಜೆ ಹಾಕಿದರೆ ಕೆಲಸಕ್ಕೆ ಬೇರೆಯವರು ಬರುತ್ತಾರೆ ಎಂಬ ಭಯಕ್ಕೆ ಕೆಲಸಕ್ಕೆ ಬಂದು, ಒದ್ದೆ ಸೀರೆಯಲ್ಲಿ ನಡುಕ ತಡೆಯದೆ, ಬೆಚ್ಚಗಿರುತ್ತದೆಂದು ಸಂದಿನಲ್ಲಿ ಮಲಗಿಬಿಟ್ಟಿದ್ದಳು. ಅವಳನ್ನು ಎತ್ತಿಕೊಂಡು ಮಳೆಗೆ ತಂದೆವು. ನನ್ನ ಜಾತಿ, ಮಡಿ, ಪಂಚೆ ಯಾವುದೂ ಆಗ ನೆನಪಾಗಲಿಲ್ಲ. ಮಳೆನೀರು ಮುಖಕ್ಕೆ ಬಿದ್ದು ಅವಳು ಕಣ್ಣು ಬಿಟ್ಟಾಗ ನಾನು ಅಲ್ಲೇ ಕೆಸರಿನಲ್ಲಿ ಕೂತು ಮಗುವಿನ ಹಾಗೆ ಅತ್ತೆ. ಪಕ್ಕಾ ಪುಸ್ತಕದಲ್ಲಿ ನಾನು ಅವಳನ್ನು ಸುಟ್ಟಾಗಿತ್ತು, ನನ್ನ ಚೆಂದದ ಅಕ್ಷರದಲ್ಲಿ, ರುಜು ಸಮೇತ.

ಪೊರ್ಬುಗಳು ಅವಳ ಪಕ್ಕ ಮೊಣಕಾಲೂರಿ ಕೂತು ಕೇಳಿದರು. "ದೇಯಿ, ನೀನು ಎಷ್ಟು ಸಲ ಓ ಅಂದೆ?"

"ಒಂದೇ ಸಲ, ಪೊರ್ಬುಲೆ. ಮೊದಲ ಕರೆ ಕನಸಲ್ಲಿ ಕೇಳಿದ ಹಾಗಿತ್ತು. ಎರಡನೇ ಸಲ ಭಟ್ರು ಕರೆದಾಗ ಎಚ್ಚರ ಆಯ್ತು. ಓ ಅಂದೆ. ಮತ್ತೆ ನಾಲಗೆ ಏಳಲಿಲ್ಲ."

"ಮೂರನೇ ಸಲ?"

"ಮೂರನೇ ಸಲ ನನ್ನ ಬೆನ್ನಿನ ಹಿಂದೆ ಇದ್ದವ ಅಂದ."

ಅವಳು ಮಲಗಿದ್ದದ್ದು ಹಿಂದಿನ ಗೋಡೆಗೆ ಬೆನ್ನು ತಾಗಿಸಿ. ಅದನ್ನು ನಾನೂ ನೋಡಿದ್ದೆ, ಪೊರ್ಬುಗಳೂ ನೋಡಿದ್ದರು. ಐತಪ್ಪ ಬಾಯಲ್ಲಿದ್ದ ಎಲೆ ಅಡಿಕೆಯನ್ನು ನಿಧಾನವಾಗಿ ಉಗುಳಿದ.

ಮರುದಿನ ದೊರೆ ನಮ್ಮಿಬ್ಬರನ್ನು ಕರೆಸಿದ. ಆಗಿನ ದೊರೆ ಕೆಟ್ಟವನಲ್ಲ, ಅವಸರದವನು. ಮಾತಾಡುವಾಗ ಗಡಿಯಾರದ ಮುಚ್ಚಳ ತೆರೆಯುತ್ತ ಮುಚ್ಚುತ್ತ ಇರುತ್ತಿದ್ದ. ಹೆಂಗಸು ಹೊರಗೆ ಬಂದಾಯಿತಲ್ಲ, ಈಗ ಕೋಣೆ ಖಾಲಿಯೇ ತಾನೆ, ಅಂದ ಮೇಲೆ ಪುಸ್ತಕದಲ್ಲಿ ಇರುವುದು ಸರಿಯೇ, ಹಾಗೇ ಇರಲಿ ಎಂದ. ನನಗೆ ಎದೆ ಹಗುರವಾಯಿತು. ನಿಜ ಹೇಳುತ್ತೇನೆ, ಆ ಕ್ಷಣ ನಾನು ದೊರೆಯ ಕಾಲು ಮುಟ್ಟಲೂ ತಯಾರಿದ್ದೆ. ನನ್ನ ಕೆಲಸ ಉಳಿಯುತ್ತಿತ್ತು. ಪೊರ್ಬುಗಳು ಮಾತ್ರ ತಲೆ ತಗ್ಗಿಸಿಕೊಂಡೇ, "ಇಲ್ಲ ಸರ್, ಸರಿ ಅಲ್ಲ. ಇವರು ಇವತ್ತು ಅದಕ್ಕೆ ಅಡ್ಡಗೀಟು ಎಳೀತಾರೆ. ನೀವು ಕೆಲಸದಿಂದ ತೆಗೆಯುವುದಾದರೆ ಇಬ್ಬರನ್ನೂ ತೆಗೀರಿ" ಎಂದರು. ದೊರೆ ಗಡಿಯಾರ ಮುಚ್ಚಿ, ನಮಗೆ ಹೋಗಿ ಎಂದ.

ಆಫೀಸಿಗೆ ಬಂದು ಪೊರ್ಬುಗಳು ಕಪಾಟಿನ ತಳದಿಂದ ಗೆದ್ದಲು ತಿಂದ ಒಂದು ಪಕ್ಕಾ ಪುಸ್ತಕ ತೆಗೆದರು. ಪುಟ ಹುಡುಕಬೇಕಾಗಿರಲಿಲ್ಲ, ಅದು ತಾನಾಗಿಯೇ ಅಲ್ಲಿಗೆ ತೆರೆದುಕೊಂಡಿತು. ಏಳನೇ ಕೋಣೆ. ಖಾಲಿ. ಕೆಳಗಿನ ರುಜು ನನಗೆ ಬಹಳ ಪರಿಚಯದ್ದು. ದಿನವೂ ನೋಡುತ್ತಿದ್ದ ರುಜು.

"ಮೂರನೇ ಕರೆಗೆ ಒಂದು ಓ ಕೇಳಿತ್ತು ಭಟ್ರೇ" ಎಂದರು. "ನನ್ನ ಹಿಂದೆ ಗಾರೆಯವ ನಿಂತಿದ್ದ. ಅವನೇ ಅಂದದ್ದು ಅಂದುಕೊಂಡೆ. ತಿರುಗಿ ನೋಡಲಿಲ್ಲ. ಕೇಳಲೂ ಇಲ್ಲ. ಮನೆಯಲ್ಲಿ ಮಗಳ ಮದುವೆ ಮಾತುಕತೆ ಇತ್ತು, ಅವಸರ. ಆಗ ಕಚ್ಚಾ ಪುಸ್ತಕ ಅಂತ ಒಂದು ಇರಲಿಲ್ಲ. ಅದು ಆಮೇಲೆ ನಾನು ಮಾಡಿದ್ದು."

ಅವರ ಮೇಲೆ ಎಂಟು ವರ್ಷ ಹಲ್ಲು ಕಡಿದಿದ್ದೆನಲ್ಲ, ಅದು ನೆನಪಾಗಿ ನಾಚಿಕೆಯಾಯಿತು. ನಾನು ನನ್ನ 'ಖಾಲಿ'ಗೆ ಅಡ್ಡಗೀಟು ಎಳೆದು ಮೇಲೆ 'ಒಬ್ಬಳು, ದೇಯಿ' ಎಂದು ಬರೆದು ರುಜು ಹಾಕಿದೆ. ಅದೇ ಪೆನ್ನು ತೆಗೆದುಕೊಂಡು ಅವರು ತಮ್ಮ ಹಳೆಯ 'ಖಾಲಿ'ಗೆ ಅಡ್ಡಗೀಟು ಎಳೆದರು. ಗೀಟು ಡೊಂಕಾಯಿತು. ಮೇಲೆ 'ಒಬ್ಬ, ತುಕ್ರ' ಎಂದು ಬರೆದರು. ಆಮೇಲೆ ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಏಳನೇ ಕೋಣೆಗೆ ಹೋದರು. ನಾನು ಸ್ವಲ್ಪ ದೂರದಲ್ಲಿ ನಿಂತೆ.

ಅವರು "ಉಲಯಿ ಏರ್" ಎಂದು ಕೇಳಲಿಲ್ಲ. "ತುಕ್ರಾ" ಎಂದು ಕರೆದರು, ಮನೆಯವರನ್ನು ಊಟಕ್ಕೆ ಕರೆದ ಹಾಗೆ, ಒಂದೇ ಸಲ. ಬಹಳ ಹೊತ್ತು ಕಾದೆವು. ಮಳೆ ಮಾಡಿನ ಮೇಲೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ದಿನದಿಂದ ಏಳನೇ ಕೋಣೆ ಯಾರ ಕರೆಗೂ ಓ ಎನ್ನಲಿಲ್ಲ.

ಅಲ್ಲಿಂದ ಮುಂದೆ ಕ್ರಮ ಬದಲಾಯಿತು. ಮೂರು ಸಲ ಕೂಗಿದ ಮೇಲೆ ಗುಮಾಸ್ತ ಲಾಂದ್ರ ಹಿಡಿದು ಸಂದಿನಲ್ಲಿ ನುಸುಳಿ ನೋಡಿಬರಬೇಕು, ಹೆಂಚು ಒಡೆದರೆ ಒಡೆಯಲಿ. ಪಕ್ಕಾ ಪುಸ್ತಕದಲ್ಲೂ 'ಕೇಳಿದ್ದು', 'ನೋಡಿದ್ದು' ಎಂದು ಎರಡು ಕಾಲಮು ಹಾಕಿದೆವು. ಜ್ವರ ಬಂದವರಿಗೆ ಒಣಗಿದ ಬಟ್ಟೆ ಕೊಟ್ಟು ಕೂರಿಸಲು ಪೊರ್ಬುಗಳು ದೊರೆಯನ್ನು ಕಾಡಿ ಬೇಡಿ ಒಂದು ಚಾವಡಿ ಮಾಡಿಸಿದರು. ದೇಯಿ ಮುಂದೆ ಹದಿನೈದು ವರ್ಷ ನಮ್ಮಲ್ಲೇ ಹೆಂಚು ಹೊತ್ತಳು. ಈಗಲೂ ಇದ್ದಾಳೆ. ವರ್ಷಕ್ಕೊಮ್ಮೆ ಹಲಸಿನ ಹಪ್ಪಳ ತಂದುಕೊಡುತ್ತಾಳೆ. ಆ ವಿಷಯ ನಾವಿಬ್ಬರೂ ಎತ್ತುವುದಿಲ್ಲ.

ಪೊರ್ಬುಗಳು ನಿವೃತ್ತರಾಗಿ ಎರಡು ವರ್ಷಕ್ಕೆ ತೀರಿಕೊಂಡರು. ಆಫೀಸಿಗೆ ಟೈಪ್‌ರೈಟರು ಬಂತು. ನನ್ನ ಕೈಬರಹಕ್ಕೆ ಬೆಲೆ ಹೋಯಿತು. ಗಂಟೆಯ ಬದಲು ಸೈರನ್ ಬಂತು. ಅಚ್ಚು ಹಾಕಿದ ಫಾರಂ ಬಂತು, ಅದರಲ್ಲಿ ಬರೆಯುವುದೇ ಇಲ್ಲ, ಚೌಕದೊಳಗೆ ಗುರುತು ಹಾಕಿದರೆ ಸಾಕು. ಇದೆಲ್ಲ ಒಳ್ಳೆಯದೇ. ಆದರೆ ಚೌಕದಲ್ಲಿ ಗುರುತು ಹಾಕಲು ಭಟ್ಟಿಯವರೆಗೆ ಹೋಗಬೇಕಾಗಿಲ್ಲ ಎಂದು ಕಂಡುಕೊಂಡ ಗುಮಾಸ್ತರನ್ನೂ ನಾನು ನೋಡಿದ್ದೇನೆ. ಅಂಥವರೊಡನೆ ಜಗಳವಾಡಿ ಆಫೀಸಿನಲ್ಲಿ ನನಗೆ ಕಚ್ಚಾ ಭಟ್ರು ಎಂಬ ಹೆಸರು ಬಂತು.

ನನ್ನ ಕೊನೆಯ ದಿನದ ಮಧ್ಯಾಹ್ನ. ಆಫೀಸಿನಲ್ಲಿ ಹಾರ, ಶರಬತ್ತು ಎಲ್ಲ ಇಟ್ಟು ಕಾಯುತ್ತಿದ್ದರು. ನನ್ನ ಜಾಗಕ್ಕೆ ಬರುವ ಸದಾಶಿವ ರಾಯರಿಗೆ ಭಟ್ಟಿಯ ಕ್ರಮ ತೋರಿಸಿ ಹೋಗೋಣ ಎಂದು ಅವರನ್ನು ಕರೆದುಕೊಂಡು ಹೋದೆ. ಬುದ್ಧಿವಂತರು, ಟೈಪಿಂಗ್ ಪಾಸಾದವರು, ಹೊಸ ಷೂ ಹಾಕಿದ್ದರು. ಕಟ್ಟಲು ತಯಾರಾಗಿದ್ದದ್ದು ಏಳನೇ ಕೋಣೆ. ನಾನು ಮೂರು ಸಲ ಕೂಗಿದೆ, ಮಧ್ಯೆ ಮಧ್ಯೆ ಕಾದೆ. ಸದ್ದಿಲ್ಲ. ಇನ್ನು ಸಂದಿನಲ್ಲಿ ನುಸುಳಬೇಕು. ಮೊಣಕಾಲು ನೋಯುತ್ತಿತ್ತು. ಮೈಮೇಲೆ ಮಕ್ಕಳು ಕೊಡಿಸಿದ ಹೊಸ ಪಂಚೆ. ಇಪ್ಪತ್ತಾರು ವರ್ಷ ಈ ಕೋಣೆ ಸುಮ್ಮನಿದೆ, ಇದೊಂದು ದಿನ ಬಿಟ್ಟರೆ ಏನಾಗುತ್ತದೆ ಎನ್ನಿಸಿತು. ಫಾರಂ ತೆಗೆದು 'ನೋಡಿದ್ದು' ಎಂಬ ಚೌಕಕ್ಕೆ ಪೆನ್ನು ಇಟ್ಟೆ.

ಆಗ ಒಳಗಿನಿಂದ, ಪೇರಿಸಿದ ಹೆಂಚಿನ ಆಚೆಯಿಂದ, ಯಾವ ಅವಸರವೂ ಇಲ್ಲದ ಒಂದು ಸ್ವರ ಕೇಳಿತು.

"ನೋಡಿದ್ದಾ, ಕೇಳಿದ್ದಾ?"

ನಾನು ಪೆನ್ನು ಮುಚ್ಚಿದೆ. ಲಾಂದ್ರ ತೆಗೆದುಕೊಂಡು, ಪಂಚೆ ಎತ್ತಿಕಟ್ಟಿ, ಅಡ್ಡಡ್ಡವಾಗಿ ಸಂದಿನೊಳಗೆ ನುಸುಳಿದೆ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯೇ ಆಗುತ್ತಿತ್ತು. ಈ ಮೂಲೆ, ಆ ಮೂಲೆ, ಮೇಲಿನ ಕಮಾನು ಎಲ್ಲ ನೋಡಿದೆ. ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಯಾರೂ ಇರಲಿಲ್ಲ.

ಹೊರಗೆ ಬಂದಾಗ ಸದಾಶಿವ ರಾಯರು ಬಾಗಿಲಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿದ್ದರು.

"ಭಟ್ರೇ, ಒಳಗಿನಿಂದ ಮಾತಾಡಿದ್ದು ಯಾರು?"

"ನಿಮಗೂ ಕೇಳಿತಾ?"

"ಕೇಳಿತು. ನೀವು ಒಬ್ಬರೇ ಹೊರಗೆ ಬಂದ್ರಲ್ಲ. ಅವರು ಎಲ್ಲಿ?"

ನಾನು ನನ್ನ ಕಚ್ಚಾ ಪುಸ್ತಕವನ್ನು, ಹುರಿಯಲ್ಲಿ ಹೊಲಿದದ್ದನ್ನು, ಅವರ ಕೈಗೆ ಕೊಟ್ಟೆ. "ಬುದ್ಧಿ ಆಮೇಲೆ. ಕೇಳಿದ್ದನ್ನು ಕೇಳಿದ ಹಾಗೆ ಮೊದಲು ಬರೀರಿ" ಎಂದೆ. ಅವರು ಗೋಡೆಗೆ ಪುಸ್ತಕ ಒತ್ತಿ ಹಿಡಿದು, ಒಂದಕ್ಷರ ಬಿಡದೆ ಬರೆದರು. ನಾನು ಓದಿ, ಕೆಳಗೆ ರುಜು ಹಾಕಿದೆ.